ಗುಡುಗಿಗೆ ಬಿದ್ದ ಸ್ವಿಚ್ಚನ್ನು ಎತ್ತುವ ಮೊದಲು

ಭರಣಿ, ಕೃತ್ತಿಕಾ ಮಳೆ ಶುರುವಾಯಿತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಸಂಜೆ ನಾಲ್ಕು ಗಂಟೆಯ ಮೇಲೆ ಒಂದು ಸದ್ದು ಮಾಮೂಲು. ಮೊದಲು ಗುಡ್ಡದಾಚೆ ಗುಡುಗು. ಆಮೇಲೆ ಕಣ್ಣು ಕುಕ್ಕುವ ಮಿಂಚು. ಅದರ ಬೆನ್ನಿಗೇ ಬಾಗಿಲ ಮೇಲಿನ ಬೋರ್ಡಿನಿಂದ 'ಟಕ್'. ಫ್ಯಾನು ನಿಧಾನವಾಗುತ್ತದೆ, ಟಿವಿ ಕಪ್ಪಾಗುತ್ತದೆ, ಫ್ರಿಜ್ಜು ಗುರುಗುಟ್ಟುವುದನ್ನು ನಿಲ್ಲಿಸುತ್ತದೆ. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ!

ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿ ಒಂದೇ. ಯಾರಾದರೂ ಒಬ್ಬರು ಕತ್ತಲಲ್ಲಿ ಸ್ಟೂಲು ಎಳೆದು, ಹತ್ತಿ, ಬಿದ್ದ ಸ್ವಿಚ್ಚನ್ನು ಮೇಲಕ್ಕೆ ನೂಕುತ್ತಾರೆ. ಅದು ಮತ್ತೆ ಬೀಳುತ್ತದೆ. ಮತ್ತೆ ನೂಕುತ್ತಾರೆ, ಮತ್ತೆ ಬೀಳುತ್ತದೆ. "ಸುಮ್ಮನೆ ರಗಳೆ, ಇದನ್ನು ತೆಗೆಸಿಬಿಡೋಣ" ಎನ್ನುವಲ್ಲಿಗೆ ಆ ದಿನದ ಮಾತು ಮುಗಿಯುತ್ತದೆ.

ಈ ಕೊನೆಯ ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಬಿ.ಕಾಂ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕ್ಲರ್ಕಾಗಿದ್ದವನು. ಕರೆಂಟಿನ ವಿಷಯ ಬರೆಯಲು ಇವನ್ಯಾರು ಎಂದು ನೀವು ಕೇಳಬಹುದು. ಆದರೆ ಆ ಸ್ವಿಚ್ಚು ಒಳಗೆ ಕೂತು ಮಾಡುವ ಕೆಲಸವೇನೆಂದು ತಿಳಿದಾಗ ನನಗೆ ನಗು ಬಂತು. ಅದು ಮಾಡುವುದೂ ನಾನು ಕೌಂಟರಿನಲ್ಲಿ ಕೂತು ಮಾಡಿದ ಕೆಲಸವನ್ನೇ: ಲೆಕ್ಕ ತಾಳೆ ನೋಡುವುದು.

ಫ್ಯೂಸಿನಿಂದ ಎಂಸಿಬಿಗೆ

ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೆ ಪಿಂಗಾಣಿಯ ಫ್ಯೂಸು ನೆನಪಿದ್ದೇ ಇರುತ್ತದೆ. ಕರೆಂಟು ಹೆಚ್ಚಾದರೆ ಅದರೊಳಗಿನ ತೆಳು ತಂತಿ ಕರಗಿ ತುಂಡಾಗುತ್ತಿತ್ತು. ಆಗ ಮನೆಯ ಹಿರಿಯರು ಮೇಣದಬತ್ತಿ ಹಿಡಿದು ಹೊಸ ತಂತಿ ಸುತ್ತುತ್ತಿದ್ದರು. ಪದೇ ಪದೇ ಹೋಗುತ್ತದೆಂದು ಕೆಲವರು ದಪ್ಪ ತಾಮ್ರದ ತಂತಿ ಸುತ್ತಿಬಿಡುತ್ತಿದ್ದರು. ಆಮೇಲೆ ಫ್ಯೂಸು ಹೋಗುತ್ತಿರಲಿಲ್ಲ, ನಿಜ. ಅದರ ಬದಲು ಗೋಡೆಯೊಳಗಿನ ವೈರೇ ಕಾಯುತ್ತಿತ್ತು.

ಆ ಫ್ಯೂಸಿನ ಜಾಗಕ್ಕೆ ಬಂದದ್ದು ಎಂಸಿಬಿ. ಮಕ್ಕಳೇ, ಇದರೊಳಗೆ ಎರಡು ಉಪಾಯಗಳಿವೆ. ಮೊದಲನೆಯದು, ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಒಂದೇ ಲೈನಿಗೆ ಹೆಚ್ಚು ಉಪಕರಣ ಹಾಕಿದಾಗ ಕೆಲಸ ಮಾಡುವುದು ಇದು. ಎರಡನೆಯದು ತಂತಿಯ ಸುರುಳಿ. ಎರಡು ವೈರು ತಾಗಿ ಶಾರ್ಟ್ ಆದರೆ ಸುರುಳಿ ತಟ್ಟನೆ ಅಯಸ್ಕಾಂತವಾಗಿ ಸ್ವಿಚ್ಚನ್ನು ಕ್ಷಣದಲ್ಲಿ ಎಳೆದು ಬೀಳಿಸುತ್ತದೆ.

ಎಂಸಿಬಿಯ ಮೇಲೆ 6, 10, 16, 20 ಎಂದು ಅಂಕೆ ಇರುತ್ತದೆ. ಅಷ್ಟು ಆಂಪಿಯರ್ ಕರೆಂಟು ಹರಿಯಬಹುದು ಎಂದು ಅರ್ಥ. ನಮ್ಮ ಮನೆಗೆ ಬರುವುದು 230 ವೋಲ್ಟ್. ಉಪಕರಣದ ಮೇಲೆ ಬರೆದ ವಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವಾಟಿನ ಗೀಸರಿಗೆ ಸುಮಾರು 9 ಆಂಪಿಯರ್, 2000 ವಾಟಿನ ಇಂಡಕ್ಷನ್ ಒಲೆಗೆ ಇನ್ನೊಂದು 9. ಎರಡೂ ಒಂದೇ 16 ಆಂಪಿಯರಿನ ಲೈನಿನಲ್ಲಿದ್ದರೆ ಮಿತಿ ಮೀರಿ ಎಂಸಿಬಿ ಬೀಳಬಹುದು. ಆಗ 16ರದನ್ನು ತೆಗೆದು 32ರದನ್ನು ಹಾಕಿಸುವುದು ಹಳೆಯ ದಪ್ಪ ತಂತಿಯ ಕಥೆಯೇ. ಎಂಸಿಬಿಯ ತಾಕತ್ತು ಹೆಚ್ಚಿತೇ ಹೊರತು ಗೋಡೆಯೊಳಗಿನ ವೈರಿನ ತಾಕತ್ತು ಹೆಚ್ಚಲಿಲ್ಲ.

ಮೂವತ್ತರ ಲೆಕ್ಕ

ಎಂಸಿಬಿ ಕಾಯುವುದು ವೈರನ್ನು. ಮನುಷ್ಯರನ್ನು ಕಾಯಲು ಇನ್ನೊಂದಿದೆ. ಸ್ವಲ್ಪ ಅಗಲವಾಗಿ, ಪಕ್ಕದಲ್ಲಿ ಇಂಗ್ಲಿಷಿನ 'ಟಿ' ಅಕ್ಷರದ ಪುಟ್ಟ ಗುಂಡಿ ಇಟ್ಟುಕೊಂಡಿರುತ್ತದೆ. ನಾವೆಲ್ಲ ರೂಢಿಯಲ್ಲಿ ಇಎಲ್‌ಸಿಬಿ ಎನ್ನುತ್ತೇವೆ. ಈಗ ಅಂಗಡಿಯಲ್ಲಿ ಸಿಗುವುದಕ್ಕೆ ಆರ್‌ಸಿಸಿಬಿ ಎಂದು ಹೆಸರು. ಮನೆಗಳಲ್ಲಿ ಹಾಕುವುದರ ಮೇಲೆ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಎಂದು ಬರೆದಿರುತ್ತದೆ.

ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ಮುಚ್ಚುವಾಗ ಬಂದ ಹಣ, ಹೋದ ಹಣ, ಉಳಿದ ಹಣ ತಾಳೆಯಾಗಬೇಕು. ವ್ಯತ್ಯಾಸ ಬಂದರೆ ಅದು ಎಲ್ಲಿಂದ ಬಂತು ಎಂದು ಸಿಗುವವರೆಗೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಇಎಲ್‌ಸಿಬಿಯೂ ಇದೇ ಲೆಕ್ಕ ನೋಡುತ್ತದೆ. ಫೇಸ್ ವೈರಿನಲ್ಲಿ ಮನೆಯೊಳಗೆ ಹೋದ ಕರೆಂಟು ಅಷ್ಟೂ ನ್ಯೂಟ್ರಲ್ ವೈರಿನಲ್ಲಿ ವಾಪಸು ಬರಬೇಕು. ಬರಲಿಲ್ಲ ಎಂದಾದರೆ ನಡುವೆ ಎಲ್ಲೋ ಸೋರಿ ನೆಲಕ್ಕೆ ಹೋಗುತ್ತಿದೆ ಎಂದೇ ಅರ್ಥ. ಒದ್ದೆ ಗೋಡೆಯ ಮೂಲಕ ಹೋಗುತ್ತಿರಬಹುದು, ವಾಷಿಂಗ್ ಮೆಷಿನ್ನಿನ ತಗಡಿನ ಮೂಲಕ ಹೋಗುತ್ತಿರಬಹುದು, ಒಬ್ಬ ಮನುಷ್ಯನ ಮೈಯ ಮೂಲಕವೂ ಹೋಗುತ್ತಿರಬಹುದು. ಯಾವುದರ ಮೂಲಕ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಲೈನನ್ನೇ ಕಡಿದುಬಿಡುತ್ತದೆ.

30 ಮಿಲಿ ಆಂಪಿಯರ್ ಎಂದರೆ ಎಷ್ಟು? ನಮ್ಮ ಹಜಾರದ 9 ವಾಟಿನ ಎಲ್ಇಡಿ ಬಲ್ಬಿಗೇ ಸುಮಾರು 40 ಮಿಲಿ ಆಂಪಿಯರ್ ಬೇಕು. ಅದಕ್ಕಿಂತಲೂ ಕಡಿಮೆ. ಆದರೆ ಇದಕ್ಕಿಂತ ಹೆಚ್ಚಿನ ಕರೆಂಟು ಎದೆಯ ಮೂಲಕ ಸ್ವಲ್ಪ ಹೊತ್ತು ಹರಿದರೆ ಹೃದಯದ ಬಡಿತವೇ ತಪ್ಪಬಹುದು. 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಅದರ ಮಿತಿ ಇದರ 500 ಪಟ್ಟಿಗಿಂತ ಹೆಚ್ಚು. ಮನುಷ್ಯನಿಗೆ ಶಾಕ್ ಹೊಡೆಯುತ್ತಿದ್ದರೂ ಎಂಸಿಬಿ ತಣ್ಣಗೆ ನಿಂತೇ ಇರುತ್ತದೆ. ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ, ಸಾಕು ಎಂದುಕೊಂಡವರು ಇದನ್ನು ಗಮನಿಸಬೇಕು.

ಇಎಲ್‌ಸಿಬಿಗೂ ಒಂದು ಮಿತಿ ಇದೆ. ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲಿಗೂ ತಾಗಿದರೆ, ಹೋದ ಕರೆಂಟು ಮೈಯ ಮೂಲಕ ಹಾದು ಪೂರ್ತಿ ವಾಪಸು ಬರುತ್ತದೆ. ಲೆಕ್ಕ ತಾಳೆಯಾಗುವುದರಿಂದ ಅದು ಬೀಳುವುದಿಲ್ಲ. ಹಾಗಾಗಿ ಇಎಲ್‌ಸಿಬಿ ಇದೆಯೆಂದು ಪ್ಲಗ್ಗಿನ ತೂತಿಗೆ ಕೈ ಹಾಕುವಂತಿಲ್ಲ, ಮಕ್ಕಳೇ.

ಗುಡುಗಿದಾಗಲೇ ಯಾಕೆ ಬೀಳುತ್ತದೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಒಂದು, ಸಿಡಿಲು. ಅದು ನಮ್ಮ ಮನೆಗೇ ಬಡಿಯಬೇಕೆಂದಿಲ್ಲ. ಕರೆಂಟಿನ ಲೈನಿನ ಹತ್ತಿರ ಎಲ್ಲೋ ಬಡಿದರೂ ಉದ್ದದ ತಂತಿಗಳಲ್ಲಿ ವೋಲ್ಟೇಜು ಥಟ್ಟನೆ ಏರಿ ಅಲೆಯ ಹಾಗೆ ಮನೆಗಳಿಗೆ ನುಗ್ಗುತ್ತದೆ. ಟಿವಿ, ಕಂಪ್ಯೂಟರಿನಂಥ ಉಪಕರಣಗಳೊಳಗೆ ಇಂಥ ಹೆಚ್ಚುವರಿಯನ್ನು ಅರ್ತ್ ಕಡೆಗೆ ದಾಟಿಸುವ ಸಣ್ಣ ಭಾಗಗಳಿರುತ್ತವೆ. ಹಾಗೆ ದಾಟಿದ್ದೂ ಇಎಲ್‌ಸಿಬಿಯ ಲೆಕ್ಕದಲ್ಲಿ ವ್ಯತ್ಯಾಸವೇ. ಅದು ಬೀಳುತ್ತದೆ. ಅಲೆ ಹೋದ ಮೇಲೆ ಎತ್ತಿದರೆ ನಿಲ್ಲುತ್ತದೆ.

ಎರಡು, ನೀರು. ಗಾಳಿ ಸೇರಿದ ಮಳೆ ಅಡ್ಡಡ್ಡ ಹೊಡೆದು ಗೇಟಿನ ದೀಪ, ಜಗುಲಿಯ ಪ್ಲಗ್ಗು, ಬಾವಿಯ ಪಂಪಿನ ಸ್ವಿಚ್ಚು, ಕೊಟ್ಟಿಗೆಯ ಬಲ್ಬು ಎಲ್ಲದರೊಳಗೂ ಇಳಿಯುತ್ತದೆ. ಒದ್ದೆಯಾದ ಕಡೆ ಕರೆಂಟು ಸೋರುತ್ತದೆ. ಇದು ಒಂದು ಕ್ಷಣದ ವಿಷಯವಲ್ಲ. ಒಣಗುವವರೆಗೂ ಸೋರುತ್ತಲೇ ಇರುತ್ತದೆ.

ಮೂರು, ಸುಟ್ಟುಹೋದ ಉಪಕರಣ. ಸಿಡಿಲಿನ ಅಲೆಗೆ ಯಾವುದೋ ಒಂದರ ಒಳಗೆ ಶಾರ್ಟ್ ಆಗಿದ್ದರೆ, ಅದರ ಪ್ಲಗ್ಗು ಕೀಳುವವರೆಗೆ ಸ್ವಿಚ್ಚು ನಿಲ್ಲುವುದಿಲ್ಲ.

ಮೂರಕ್ಕೂ ಹೊರಗೆ ಕೇಳುವ ಸದ್ದು ಒಂದೇ 'ಟಕ್'. ಅದಕ್ಕೇ ಜನ ಮೂರನ್ನೂ ಸೇರಿಸಿ 'ಗುಡುಗಿಗೆ ಬೀಳೋದು ಮಾಮೂಲು' ಎಂದುಬಿಡುತ್ತಾರೆ. ಮೊದಲನೆಯದು ಮಾಮೂಲು ಇರಬಹುದು. ಎರಡನೆಯದು ಜೀವಕ್ಕೆ ಅಪಾಯ.

ನಲ್ಲಿಯ ಹತ್ತಿರ ಸಿಕ್ಕಿದ ಉತ್ತರ

ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದರು. ಆ ವರ್ಷ ಗುಡುಗಿನ ಮಳೆ ಬಂದಾಗೆಲ್ಲ ನಮ್ಮ ಇಎಲ್‌ಸಿಬಿ ಬೀಳತೊಡಗಿತು. ಗುಡುಗು ನಿಂತ ಮೇಲೂ ಒಂದೊಂದು ದಿನ ರಾತ್ರಿಯವರೆಗೆ ನಿಲ್ಲುತ್ತಿರಲಿಲ್ಲ. ಮರುದಿನ ಬಿಸಿಲು ಬಂದರೆ ಎಲ್ಲ ಸರಿ. ನಾನು ಡೈರಿಯಲ್ಲಿ ಬರೆದಿಟ್ಟುಕೊಂಡೆ: ಬಿದ್ದ ಹೊತ್ತು, ಮಳೆ ಇತ್ತೇ, ಎಷ್ಟು ಹೊತ್ತಿಗೆ ನಿಂತಿತು.

ಊರಿನ ಎಲೆಕ್ಟ್ರಿಷಿಯನ್ ಹುಡುಗ ಬಂದ. ಬೋರ್ಡು ನೋಡಿ, "ಸಾರ್, ಇದನ್ನು ತೆಗೆದು ಡೈರೆಕ್ಟ್ ಕೊಟ್ಟುಬಿಡ್ತೀನಿ. ಹತ್ತು ನಿಮಿಷದ ಕೆಲಸ. ಆಮೇಲೆ ಬೀಳೋದೇ ಇಲ್ಲ" ಎಂದ. ತುಂಬ ಮನೆಗಳಲ್ಲಿ ಹಾಗೇ ಮಾಡಿಸಿಕೊಂಡಿದ್ದಾರೆ ಎಂದೂ ಹೇಳಿದ.

"ನೋಡು ತಮ್ಮಾ, ಬ್ಯಾಂಕಿನಲ್ಲಿ ಲೆಕ್ಕ ತಾಳೆ ಆಗಲಿಲ್ಲ ಅಂತ ಲೆಡ್ಜರನ್ನೇ ಮುಚ್ಚಿಟ್ಟರೆ ಹೇಗಿರುತ್ತೆ? ಮೊದಲು ವ್ಯತ್ಯಾಸ ಎಲ್ಲಿದೆ ಹುಡುಕೋಣ. ನಿನ್ನ ಕೂಲಿ ಏನಿದೆಯೋ ಕೊಡ್ತೀನಿ" ಎಂದೆ. ಡೈರಿ ತೋರಿಸಿದೆ. ಹುಡುಗ ಒಳ್ಳೆಯವನು. ನಕ್ಕು, "ಆಯ್ತು ಸಾರ್, ನಾಳೆ ಮಳೆ ಬಂದಾಗಲೇ ಬರ್ತೀನಿ" ಎಂದು ಹೋದ. ಹೇಳಿದ ಹಾಗೆ ಮರುದಿನ ಸಂಜೆ ಮಳೆ ಹೊಡೆದು ಗುಡುಗು ಅಡಗಿದ ಮೇಲೆ ಬಂದ.

ಎಂಸಿಬಿಗಳನ್ನೆಲ್ಲ ಕೆಳಗೆ ಮಾಡಿ ಇಎಲ್‌ಸಿಬಿ ಎತ್ತಿದ. ನಿಂತಿತು. ಹಜಾರ ಎತ್ತಿದ, ನಿಂತಿತು. ಅಡುಗೆಮನೆ, ಕೋಣೆ, ಮಾಳಿಗೆ ಎಲ್ಲ ನಿಂತವು. ಕೊನೆಗೆ ಹಿತ್ತಿಲ ಲೈನು ಎತ್ತಿದ. 'ಟಕ್'. ಆ ಲೈನು ಹೋಗುವುದು ಬಾವಿಯ ಪಂಪಿಗೆ. ಮೇನ್ ಬಂದ್ ಮಾಡಿ ಟಾರ್ಚು ಹಿಡಿದು ಇಬ್ಬರೂ ಹಿತ್ತಿಲಿಗೆ ಹೋದೆವು.

ಹಿಂದೆ ಯಾವಾಗಲೋ ಯಾರೋ ಕೆಲಸದವರು ವೈರು ಸಾಲದೆ ಸೂರಿನ ಕೆಳಗೆ ಒಂದು ಜಾಯಿಂಟು ಕೊಟ್ಟು ಟೇಪು ಸುತ್ತಿದ್ದರು. ಟೇಪು ಬಿಸಿಲಿಗೆ ಬಿಟ್ಟುಕೊಂಡಿತ್ತು. ಒಳಗಿನ ತಾಮ್ರ ಹಸಿರುಗಟ್ಟಿತ್ತು. ಸೂರಿನ ನೀರು ಆ ಜಾಯಿಂಟಿನ ಮೇಲೆ ಬಿದ್ದು, ಕೆಳಗಿನ ಕಬ್ಬಿಣದ ಕ್ಲ್ಯಾಂಪಿಗೆ ಇಳಿದು, ಅಲ್ಲಿಂದ ಪೈಪಿಗೆ ಹೋಗುತ್ತಿತ್ತು. ಆ ಪೈಪಿನ ತುದಿಯಲ್ಲೇ ನಮ್ಮ ಹಿತ್ತಿಲ ನಲ್ಲಿ. ತೋಟದಿಂದ ಬಂದ ಮೊಮ್ಮಕ್ಕಳು ಕಾಲು ತೊಳೆಯುವುದು ಅಲ್ಲಿ, ಬರಿಗಾಲಲ್ಲಿ, ಒದ್ದೆ ಕಲ್ಲಿನ ಮೇಲೆ ನಿಂತು.

ಹುಡುಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಸಾರ್, ನಿನ್ನೆ ಡೈರೆಕ್ಟ್ ಕೊಟ್ಟಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ. ನಾನೂ ಮುಂದುವರಿಸಲಿಲ್ಲ.

ಜಾಯಿಂಟಿಲ್ಲದ ಹೊಸ ವೈರು, ನೀರು ಹೋಗದ ಡಬ್ಬಿ, ಕೂಲಿ ಎಲ್ಲ ಸೇರಿ ಆದ ಖರ್ಚು 1,640 ರೂಪಾಯಿ. ಆ ಮಳೆಗಾಲದಲ್ಲಿ ಆಮೇಲೆ ಇಎಲ್‌ಸಿಬಿ ಬಿದ್ದದ್ದು ಎರಡೇ ಸಲ, ಎರಡೂ ಸಲ ಹತ್ತಿರದಲ್ಲೇ ಸಿಡಿಲು ಬಡಿದಾಗ. ಈಗ ಆ ಹುಡುಗ ಯಾರ ಮನೆಯಲ್ಲೂ ಡೈರೆಕ್ಟ್ ಕೊಡುವುದಿಲ್ಲವಂತೆ.

ಬಿದ್ದ ಸ್ವಿಚ್ಚನ್ನು ಎತ್ತುವ ಕ್ರಮ

ಇದನ್ನು ಮನೆಯ ದೊಡ್ಡವರು ಮಾಡಬೇಕು. ಮಕ್ಕಳು ಟಾರ್ಚು ಹಿಡಿಯಬಹುದು.

1. ಗುಡುಗು ದೂರವಾಗುವವರೆಗೆ ಬೋರ್ಡಿನ ಹತ್ತಿರ ಹೋಗಬೇಡಿ. ಅರ್ಧ ಗಂಟೆ ಕತ್ತಲಲ್ಲಿ ಕೂತರೆ ನಷ್ಟವಿಲ್ಲ.

2. ಕೈ ಒಣಗಿರಲಿ, ಕಾಲಲ್ಲಿ ಒಣ ರಬ್ಬರ್ ಚಪ್ಪಲಿ ಇರಲಿ. ಅಲ್ಲಾಡುವ ಸ್ಟೂಲು ಹತ್ತಬೇಡಿ. ನಮ್ಮ ವಯಸ್ಸಿಗೆ ಶಾಕಿನಷ್ಟೇ ಭಯ ಬೀಳುವುದರದ್ದೂ ಇದೆ.

3. ಸುಟ್ಟ ವಾಸನೆ, ಕಪ್ಪು ಗುರುತು, ಚಿಟಪಟ ಸದ್ದು ಇದ್ದರೆ ಏನನ್ನೂ ಎತ್ತಬೇಡಿ. ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೇ ಇರಲಿ.

4. ಎಂಸಿಬಿಗಳನ್ನೆಲ್ಲ ಕೆಳಗೆ ಮಾಡಿ. ಬಿದ್ದ ಸ್ವಿಚ್ಚು ಅರ್ಧದಲ್ಲಿ ನಿಂತಿದ್ದರೆ ಮೊದಲು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಬೇಕು. ಮೊದಲು ಇಎಲ್‌ಸಿಬಿ ಎತ್ತಿ. ಎಲ್ಲ ಕೆಳಗಿದ್ದರೂ ಅದೊಂದೇ ನಿಲ್ಲದಿದ್ದರೆ ಅಲ್ಲಿಗೇ ಬಿಟ್ಟು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

5. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲೇ ತೊಂದರೆ. ಅದೊಂದನ್ನು ಕೆಳಗೇ ಬಿಟ್ಟು ಉಳಿದವನ್ನು ಬಳಸಬಹುದು.

6. ಬಿದ್ದದ್ದನ್ನು ಮತ್ತೆ ಮತ್ತೆ ನೂಕಬೇಡಿ. ಕಡ್ಡಿ ಚುಚ್ಚಿ, ಟೇಪು ಅಂಟಿಸಿ ನಿಲ್ಲಿಸುವುದಂತೂ ಬೇಡವೇ ಬೇಡ.

ಇನ್ವರ್ಟರ್ ಇರುವ ಮನೆಯವರು ಒಂದು ನೆನಪಿಡಬೇಕು. ಮೇನ್ ಸ್ವಿಚ್ಚು ಬಂದ್ ಮಾಡಿದರೂ ಇನ್ವರ್ಟರಿನಿಂದ ಕೆಲವು ಲೈನುಗಳಿಗೆ ಕರೆಂಟು ಬರುತ್ತಲೇ ಇರುತ್ತದೆ.

ಸಿಡಿಲಿಗೆ ಪ್ಲಗ್ಗು ಕೀಳುವುದೇ ಮದ್ದು

ಎಂಸಿಬಿ, ಇಎಲ್‌ಸಿಬಿ ಎರಡೂ ಇದ್ದರೂ ಸಿಡಿಲಿನಿಂದ ಟಿವಿ ಉಳಿಯುತ್ತದೆ ಎನ್ನುವಂತಿಲ್ಲ. ಅವು ಬೀಳಲು ಸೆಕೆಂಡಿನ ನೂರರಲ್ಲಿ ಕೆಲವು ಪಾಲಾದರೂ ಬೇಕು. ಸಿಡಿಲಿನ ಅಲೆ ಅದಕ್ಕಿಂತ ಎಷ್ಟೋ ಪಟ್ಟು ಬೇಗ ಬಂದು ಹೋಗಿರುತ್ತದೆ. ಇದಕ್ಕಾಗಿಯೇ ಬೋರ್ಡಿನಲ್ಲಿ ಹಾಕುವ ಸರ್ಜ್ ಪ್ರೊಟೆಕ್ಟರ್ ಸಿಗುತ್ತದೆ. ಒಳ್ಳೆಯ ಅರ್ತ್ ಇದ್ದರೆ ಮಾತ್ರ ಅದು ಕೆಲಸ ಮಾಡೀತು. ಖರ್ಚಿಲ್ಲದ ಉಪಾಯವೆಂದರೆ ಮೋಡ ಕಟ್ಟಿದಾಗಲೇ ಟಿವಿ, ಕಂಪ್ಯೂಟರ್, ಇಂಟರ್ನೆಟ್ ಪೆಟ್ಟಿಗೆಗಳ ಪ್ಲಗ್ಗು ಕಿತ್ತಿಡುವುದು. ಸ್ವಿಚ್ಚು ಆರಿಸಿದರೆ ಸಾಲದು. ಡಿಶ್ಶಿನ ಕೇಬಲನ್ನೂ ಕಳಚಬೇಕು. ಗುಡುಗು ಶುರುವಾದ ಮೇಲೆ ಪ್ಲಗ್ಗಿನ ಹತ್ತಿರ ಹೋಗಬೇಡಿ. ಆಗ ಟಿವಿ ಹೋದರೂ ಹೋಗಲಿ.

ಗುಡುಗುವಾಗ ಸ್ನಾನ ಮಾಡುವುದು, ಪಾತ್ರೆ ತೊಳೆಯುವುದು, ವೈರಿರುವ ಫೋನಿನಲ್ಲಿ ಮಾತಾಡುವುದು, ಚಾರ್ಜಿಗೆ ಹಾಕಿದ ಮೊಬೈಲು ಹಿಡಿಯುವುದು ಬೇಡ. ಬಟ್ಟೆ ಒಣಗಿಸಲು ಅಂಗಳದಲ್ಲಿ ಕಬ್ಬಿಣದ ತಂತಿ ಕಟ್ಟಿದ್ದರೆ ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಕರೆಂಟಿನ ಕಂಬಕ್ಕೂ ಅದರ ಸ್ಟೇ ವೈರಿಗೂ ಹಗ್ಗ, ತಂತಿ, ದನ ಯಾವುದನ್ನೂ ಕಟ್ಟಬೇಡಿ. ಗಾಳಿಗೆ ಲೈನು ಹರಿದು ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನು ಮಾಡಿ, ಬೇರೆಯವರು ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಮಕ್ಕಳಿಗೆ ಎರಡು ಲೆಕ್ಕ

ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡಾಯಿತೋ ಅದನ್ನು 3ರಿಂದ ಭಾಗಿಸಿ. ಸಿಡಿಲು ಅಷ್ಟು ಕಿಲೋಮೀಟರ್ ದೂರದಲ್ಲಿ ಬಿದ್ದಿದೆ. ಬೆಳಕು ಕೂಡಲೇ ಕಾಣುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ನಡೆದು ಬರಬೇಕಲ್ಲ! ಎಣಿಕೆ 30ಕ್ಕಿಂತ ಕಡಿಮೆಯಾದರೆ ಆಟ ಬಿಟ್ಟು ಮನೆಯೊಳಗೆ ಬನ್ನಿ. ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷವಾದ ಮೇಲೆ ಹೊರಗೆ ಹೋಗಬಹುದು. ಹಿರಿಯರ ಮೊಬೈಲಿನಲ್ಲಿ 'ದಾಮಿನಿ' ಎಂಬ ಆ್ಯಪ್ ಇದ್ದರೆ ಹತ್ತಿರದ ಸಿಡಿಲಿನ ಮುನ್ಸೂಚನೆ ಸಿಗುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಅದನ್ನು ರೂಪಿಸಿದೆ.

ಎರಡನೆಯದು, ಮೂರು ಕಡ್ಡಿಯ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಅದು ಅರ್ತ್. ಪ್ಲಗ್ಗು ಹಾಕುವಾಗ ಎಲ್ಲಕ್ಕಿಂತ ಮೊದಲು ತಾಗುವುದು ಅದು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುವುದೂ ಅದೇ. ಉಪಕರಣದ ತಗಡಿಗೆ ಕರೆಂಟು ಸೋರಿದರೆ ಈ ದಾರಿಯಲ್ಲಿ ನೆಲಕ್ಕೆ ಹೋಗುತ್ತದೆ. ಯಾರೂ ಮುಟ್ಟುವ ಮೊದಲೇ ಇಎಲ್‌ಸಿಬಿ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಅದು ಬೀಳುವುದು ಯಾರಾದರೂ ಮುಟ್ಟಿ ಶಾಕ್ ಹೊಡೆಸಿಕೊಂಡ ಮೇಲೆ. ಹಾಗಾಗಿ ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿನದಕ್ಕೆ ಹೇಗೋ ತುರುಕುವುದು ಬೇಡ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ಒಂದೆರಡು ಕೊಡ ನೀರು ಹಾಕುವುದೂ ಒಳ್ಳೆಯದು. ನೆಲ ಒಣಗಿದರೆ ಅರ್ತ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಯಾರಿಗಾದರೂ ಶಾಕ್ ಹೊಡೆದರೆ

ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ಚು ಬಂದ್ ಮಾಡಿ. ಆಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ದೂರ ಸರಿಸಿ. ಆಮೇಲೆ 108ಕ್ಕೆ ಫೋನು. ಉಸಿರಿಲ್ಲದಿದ್ದರೆ, ಗೊತ್ತಿದ್ದವರು ಕೂಡಲೇ ಎದೆ ಒತ್ತಲು ಶುರುಮಾಡಬೇಕು. ಸಿಡಿಲು ಬಡಿದವರ ವಿಷಯ ಬೇರೆ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಿ ಉಪಚರಿಸಬಹುದು. ಮುಟ್ಟಲು ಹೆದರಿ ಹೊತ್ತು ಕಳೆಯಬಾರದು.

ಈ ಭಾನುವಾರದ ಕೆಲಸ

ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ಮಾಡಬಹುದಾದ ಕೆಲಸ ಒಂದಿದೆ. ಒಬ್ಬರು ದೊಡ್ಡವರು ಎಂಸಿಬಿಗಳನ್ನು ಒಂದೊಂದಾಗಿ ಕೆಳಗೆ ಮಾಡಲಿ. ಮಕ್ಕಳು ಮನೆಯೆಲ್ಲ ಓಡಾಡಿ ಎಲ್ಲಿಯ ದೀಪ ಆರಿತು ಎಂದು ಕೂಗಿ ಹೇಳಲಿ. 'ಹಜಾರ', 'ಅಡುಗೆಮನೆ', 'ಬಚ್ಚಲು', 'ಹಿತ್ತಿಲು' ಎಂದು ಕನ್ನಡಕವಿಲ್ಲದೆ ಓದಬಹುದಾದ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿ. ಪಕ್ಕದಲ್ಲೇ ಎಲೆಕ್ಟ್ರಿಷಿಯನ್ನರ ನಂಬರು, 1912, 108 ಬರೆಯಿರಿ. ಒಂದು ಟಾರ್ಚಿಗೆ ಖಾಯಂ ಜಾಗ ಗೊತ್ತುಮಾಡಿ.

ಕೊನೆಗೆ, ಕರೆಂಟು ಇರುವಾಗಲೇ ದೊಡ್ಡವರು ಇಎಲ್‌ಸಿಬಿಯ 'ಟಿ' ಗುಂಡಿ ಒತ್ತಲಿ, ಮಕ್ಕಳು ಕ್ಯಾಲೆಂಡರಿನಲ್ಲಿ ತಾರೀಖಿಗೆ ಗುರುತು ಹಾಕಲಿ. ತಿಂಗಳಿಗೊಮ್ಮೆ ಇದನ್ನು ಮಾಡಬೇಕು. 'ಟಕ್' ಎಂದು ಬಿದ್ದರೆ ಲೆಕ್ಕ ನೋಡುವವನು ಎಚ್ಚರವಾಗಿದ್ದಾನೆ ಎಂದು ಅರ್ಥ. ಬೀಳದಿದ್ದರೆ ಮುಂದಿನ ಗುಡುಗಿನವರೆಗೆ ಕಾಯಬೇಡಿ, ಅದನ್ನು ಕೂಡಲೇ ಬದಲಾಯಿಸಿ. ನಿಮ್ಮ ಬೋರ್ಡಿನಲ್ಲಿ ಅಂಥ ಗುಂಡಿಯೇ ಕಾಣದಿದ್ದರೆ, ಎಲೆಕ್ಟ್ರಿಷಿಯನ್ನರನ್ನು ಕರೆದು ಒಂದನ್ನು ಹಾಕಿಸುವುದೇ ಈ ವಾರದ ಮೊದಲ ಕೆಲಸವಾಗಲಿ.